ಕ್ಯಾಸೆಟ್ಟಿನ ಕೊನೆಯ ಎರಡು ನಿಮಿಷ

ಮೊದಲು ಮೂಗಿಗೆ ಬಡಿದದ್ದು ಬೆಂದ ಹೊಗೆಸೊಪ್ಪಿನ ವಾಸನೆ. ಹೋದ ತಿಂಗಳು ನಮ್ಮ ಶಾಲೆಯ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಂದೆ ಮಾತ್ರ ಹೋಗದೆ ಬಾಗಿಲ ಬಳಿ ನಿಂತಿದ್ದರು. ಇಲ್ಲೇ ಪಿರಿಯಾಪಟ್ಟಣದ ಪಕ್ಕದ ಹಳ್ಳಿಯವರು, ಹೊಗೆಸೊಪ್ಪು ಬೆಳೆಯುವವರು. ಒಳಗೆ ಬಂದು ಪ್ಲಾಸ್ಟಿಕ್ ಕವರಿನಿಂದ ಹಳೆಯದೊಂದು ಕ್ಯಾಸೆಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಸೊಪ್ಪು ಬೇಯಿಸುವ ಅವರ ಹಳೇ ಬ್ಯಾರನ್ ಕೆಡವುವಾಗ ಗೋಡೆಯ ಗೂಡಿನಲ್ಲಿ ಸಿಕ್ಕಿತಂತೆ.

"ಇದರ ಕೊನೇಲಿ ಒಂದು ಹಾಡದೆ ಮೇಡಂ. ನೀವು ಒಂದ್ಸಲ ಕೇಳ್ಬೇಕು. ನಮ್ಮನೇಲಿ ಟೇಪ್ ರೆಕಾರ್ಡರ್ ಅದೆ, ಭಾನುವಾರ ಬನ್ನಿ," ಅಂದರು. ಅಷ್ಟು ಹೇಳಿ, ನಾನು ಬೇರೇನಾದರೂ ವಿಚಾರಿಸುವ ಮೊದಲೇ ಹೊರಟುಬಿಟ್ಟರು.

ಡಬ್ಬಿ ಬಿಡಿಸಿದೆ. ಒಳಗಿನ ಕಾಗದದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ, ಬಲಕ್ಕೆ ವಾಲಿದ ಅಕ್ಷರಗಳಲ್ಲಿ ಒಂದು ಪಟ್ಟಿ. 'ಜೇನುಗೂಡಿಗೆ ಕಲ್ಲು.' 'ಅವಸರದ ಡ್ರಮ್ಮು.' 'ನೀರೊಳಗಿನ ತಂಬೂರಿ.' ಆ ಅಕ್ಷರ ನೋಡಿ ಮೂವತ್ತು ವರ್ಷಕ್ಕೂ ಮೀರಿತ್ತು. ಕ್ಯಾಸೆಟ್ ತಿರುಗಿಸಿದೆ. ಬೆನ್ನಿನ ಎರಡೂ ಹಲ್ಲು ಮುರಿದಿದ್ದವು. ಆಮೇಲೆ ಆ ಮಧ್ಯಾಹ್ನ ನನಗೆ ಯಾವ ಕಡತವೂ ತಲೆಗೆ ಹತ್ತಲಿಲ್ಲ.

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಎರಡು ಹೆಜ್ಜೆ ಅಗಲದ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ನಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು, ಒಂದು ಖಾಲಿ ಕ್ಯಾಸೆಟ್ ಜೊತೆ ಕೊಟ್ಟರೆ ಮೂರು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಅಂಗಡಿಯವರನ್ನು ಎಲ್ಲರೂ ರೆಕಾರ್ಡಿಂಗ್ ಅಣ್ಣ ಅನ್ನುತ್ತಿದ್ದರು, ನಾನೂ ಅಣ್ಣ ಅಂತಲೇ ಕರೆದೆ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅದು ಬರೆಯುವುದಕ್ಕಲ್ಲ, ಸಿಕ್ಕಿಕೊಂಡ ಟೇಪು ಸುತ್ತುವುದಕ್ಕೆ. ಅಂಗಡಿಯ ತುಂಬ ಟೇಪ್ ರೆಕಾರ್ಡರಿನ ಹೆಡ್ಡು ಒರೆಸುವ ಸ್ಪಿರಿಟ್ಟಿನ ವಾಸನೆ...

ಅವರಿಗೊಂದು ಹಟವಿತ್ತು. ಗಿರಾಕಿ ಕೇಳಿದ ಹಾಡುಗಳೆಲ್ಲ ತುಂಬಿದ ಮೇಲೆ ಕ್ಯಾಸೆಟ್ಟಿನ ಕೊನೆಯಲ್ಲಿ ಎರಡು ಮೂರು ನಿಮಿಷದ ಟೇಪು ಉಳಿಯುತ್ತದಲ್ಲ, ಅದನ್ನು ಖಾಲಿ ಬಿಡುತ್ತಿರಲಿಲ್ಲ. ತಮಗೆ ಇಷ್ಟವಾದ ಒಂದು ಹಾಡನ್ನು ಅಲ್ಲಿ ತುರುಕುತ್ತಿದ್ದರು. ಆ ಹಾಡು ಕನ್ನಡದ್ದಲ್ಲ, ಹಿಂದಿಯದ್ದೂ ಅಲ್ಲ. ಎಂಥದೆಂದು ನನಗೆ ಗೊತ್ತಾದದ್ದು ಚುಂಚನಕಟ್ಟೆಯಲ್ಲಿ, ನನ್ನ ಸೋದರಮಾವನ ಹೊಸ ಮನೆಯ ಗೃಹಪ್ರವೇಶದ ದಿನ.

ಆಗ ನಾನು ಹುಣಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ದೇವರನಾಮಗಳ ಕ್ಯಾಸೆಟ್ ತುಂಬಿಸಿ ತರುವ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ತೆಂಗಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ದೇವರನಾಮ ಚೆನ್ನಾಗಿಯೇ ನಡೆಯಿತು. ಒಂದು ಪಕ್ಕ ಮುಗಿಯುವ ಹೊತ್ತಿಗೆ ಕ್ಯಾಸೆಟ್ ತಿರುಗಿಸಿ ಹಾಕಬೇಕಾದವರು ಉಪ್ಪಿಟ್ಟಿನ ಪಾತ್ರೆಯ ಹತ್ತಿರ ಇದ್ದರು. ಒಂದು ಕ್ಷಣ ಗರಗರ ಅಂತು. ಆಮೇಲೆ ಡಬ್ಬದೊಳಗೆ ಹೆಜ್ಜೇನು ಕೂಡಿಹಾಕಿದಂಥ ಒಂದು ಗಿಟಾರು, ಅದರ ಹಿಂದೆ ಓಡೋಡಿ ಬರುವ ಡ್ರಮ್ಮು, ಅದರ ಮೇಲೆ ಯಾರೋ ಹುಡುಗನ ಅರಚಾಟ ಗದ್ದೆ ಬಯಲಿನ ತುಂಬ ಹರಡಿತು. ಪುರೋಹಿತರ ತುಪ್ಪದ ಸೌಟು ಹೋಮಕುಂಡದ ಮೇಲೆ ಹಾಗೇ ನಿಂತಿತು. "ಅಯ್ಯೋ, ಯಾರಿಗೋ ಮೈಮ್ಯಾಲೆ ಬಂದದೆ ಕಣ್ರಪ್ಪೋ," ಅಂತ ಒಂದು ಅಜ್ಜಿ ಕೈ ಮುಗಿದೇಬಿಟ್ಟಿತು.

ಮಾರನೆಯ ದಿನ ಮಾವ ನನ್ನನ್ನೂ ಕರೆದುಕೊಂಡು ಜಗಳಕ್ಕೆ ಹುಣಸೂರಿಗೆ ಹೊರಟರು. ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, ತಪ್ಪಾಯಿತೆಂದು ಕೈ ಮುಗಿದು, ಹೊಸ ಕ್ಯಾಸೆಟ್ ತುಂಬಿಸಿಕೊಡುತ್ತೇನೆ ಅಂದರು. ಕೊನೆಗೆ ಮೆಲ್ಲಗೆ, "ಖಾಲಿ ಬುಡಾಕೆ ಮನ್ಸು ಬರ್ಲಿಲ್ಲ ಕಣಣ್ಣ," ಅಂದರು. ಮಾವನ ಹಿಂದೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ನಗುವ ಭರದಲ್ಲಿ ನನ್ನ ದೊರಗು ದನಿ ಅಣ್ಣನ ಕಿವಿಗೆ ಬಿತ್ತು.

ಆ ದನಿಯ ವಿಷಯ ಹೇಳಲೇಬೇಕು. ಚಿಕ್ಕಂದಿನಿಂದ ನನಗೆ ಹಾಡಿನ ಹುಚ್ಚು. ನಾಟಿ ಹಾಕುವಾಗ ನನ್ನ ಅಜ್ಜಿ ಹೇಳುತ್ತಿದ್ದ ಪದಗಳನ್ನೆಲ್ಲ ಕಲಿತಿದ್ದೆ. ಆದರೆ ಗಂಟಲು ಮಾತ್ರ ಅರದಿಂದ ಉಜ್ಜಿದ ಹಾಗೆ. ಕಾಲೇಜಿನ ವಾದ್ಯಗೋಷ್ಠಿಗೆ ಹಾಡುವವರನ್ನು ಆರಿಸುವ ದಿನ ಹೋಗಿ ನಿಂತೆ. ಎರಡು ಸಾಲು ಹಾಡುವಷ್ಟರಲ್ಲಿ ಆರಿಸಲು ಬಂದಿದ್ದವರು ಕೈಯೆತ್ತಿ ನಿಲ್ಲಿಸಿ, "ಗಂಟಲಲ್ಲಿ ಜಲ್ಲಿ ಸುರಿದಿದ್ದೀಯೇನಮ್ಮ?" ಅಂದರು. ಇಡೀ ಹಾಲ್ ನಕ್ಕಿತು. ಅವತ್ತೇ ಹಾಡು ಬಿಟ್ಟೆ. ಬಚ್ಚಲಮನೆಯಲ್ಲೂ ಗುನುಗುತ್ತಿರಲಿಲ್ಲ.

ಮಾವನ ಹೊಸ ಕ್ಯಾಸೆಟ್ ತರಲು ಹೋದ ದಿನ, ಆ ಅರಚಾಟ ಯಾರದು ಅಂತ ಅಣ್ಣನನ್ನು ಕೇಳಿದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು. ಬೈಲಕುಪ್ಪೆಯ ಮಠಕ್ಕೆ ಬಂದು ಉಳಿದಿದ್ದ ಒಬ್ಬ ವಿದೇಶಿಯ ಟೇಪ್ ರೆಕಾರ್ಡರ್ ಕೆಟ್ಟಿತ್ತಂತೆ, ಸ್ವೆಟರ್ ಮಾರುವ ಟಿಬೆಟಿನ ಗೆಳೆಯರೊಬ್ಬರು ಆತನನ್ನು ಇವರ ಬಳಿ ಕರೆತಂದರಂತೆ. ರಿಪೇರಿ ಮಾಡಿ ಪರೀಕ್ಷೆಗೆಂದು ಒಳಗಿದ್ದ ಕ್ಯಾಸೆಟ್ ಹಾಕಿದಾಗ ಈ ಹಾಡುಗಳು ಬಂದವು. ಊರಿಗೆ ಹೊರಡುವಾಗ ಆತ ಅಂಥ ಏಳೆಂಟು ಕ್ಯಾಸೆಟ್ ಇವರಿಗೇ ಕೊಟ್ಟು ಹೋದ. ಅವುಗಳ ಕಥೆಯನ್ನೂ ಸ್ವೆಟರಿನ ಗೆಳೆಯನ ಕನ್ನಡದಲ್ಲಿ ಹೇಳಿಸಿದ್ದ.

"ಕಾರು ನಿಲ್ಲಿಸೋ ಷೆಡ್ನಾಗೆ ಹಾಡಿರೋದು ಕಣವ್ವ. ನಿನ್ನ ವಯಸ್ಸಿನ ಐಕ್ಳು. ಒಂದು ಹಾಡು ಗ್ರಾಮಫೋನ್ ಪ್ಲೇಟ್ ಮಾಡ್ಸುದ್ರು, ಯಾರೂ ಕೊಳ್ನಿಲ್ಲ, ಅವರವರ ಕೆಲ್ಸಕ್ಕೆ ಹೊಂಟೋದ್ರು. ಎಷ್ಟೋ ವರ್ಷ ಆದ್ಮೇಲೆ ಯಾರೋ ಒಬ್ಬ ಪುಣ್ಯಾತ್ಮ ಅವನ್ನೆಲ್ಲ ಹುಡುಕಿ ಒಂದ್ಕಡೆ ಸೇರ್ಸವ್ನೆ."

ಹಾಗಾಗಿ ಅವನ್ನು ಅವರು 'ಷೆಡ್ಡಿನ ಹಾಡು' ಅನ್ನುತ್ತಿದ್ದರು. ಇಂಗ್ಲಿಷ್ ಹೆಸರು ಓದಲು ಬಾರದೆ ಒಂದೊಂದಕ್ಕೂ ತಾವೇ ನಾಮಕರಣ ಮಾಡಿದ್ದರು. ಅವುಗಳಿಗೆ ದೊಡ್ಡ ಗಿರಾಕಿಗಳೂ ಇದ್ದರು. ಅದೇ ನನಗೆ ಸೋಜಿಗ. ಬ್ಯಾರನ್ನಿನಲ್ಲಿ ಬೆಂಕಿ ಕಾಯುವವರು ಬಂದು, ತೂಕಡಿಕೆ ಬರದಂಥ ಹಾಡು ಕೊಡಿ ಅನ್ನುತ್ತಿದ್ದರಂತೆ. ಅವರಿಗೆ ಎರಡೂ ಪಕ್ಕ ಷೆಡ್ಡಿನ ಹಾಡೇ ತುಂಬಿಸಿಕೊಡುತ್ತಿದ್ದರು. ಆ ಕ್ಯಾಸೆಟ್ಟುಗಳಿಗೆ ಮಾತ್ರ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಸ್ಕ್ರೂ ಡ್ರೈವರಿನಿಂದ ಮುರಿಯುತ್ತಿದ್ದರು. ಹಲ್ಲು ಮುರಿದರೆ ಅದರ ಮೇಲೆ ಯಾರೂ ಬೇರೆ ಹಾಡು ತುಂಬಿಸಲು ಬರುವುದಿಲ್ಲ. ಬೇರೆ ಗಿರಾಕಿಗಳ ಕ್ಯಾಸೆಟ್ಟಿನ ಹಲ್ಲನ್ನು ಅವರು ಮುಟ್ಟುತ್ತಿರಲಿಲ್ಲ.

ನನಗೂ ಅಂಥದೊಂದು ಕ್ಯಾಸೆಟ್ ಕೊಟ್ಟರು. "ಇದ್ರಲ್ಲಿರೋರು ಒಬ್ರೂ ನೆಟ್ಟಗೆ ಹಾಡಾಕಿಲ್ಲ. ಅದಕ್ಕೇ ಕೇಳು," ಅಂದರು. ದೊಡ್ಡಮ್ಮನಿಗೆ ತಲೆನೋವು ಬರುವಷ್ಟು ಸಲ ಹಾಕಿ ಕೇಳಿದೆ. ಮೊದಲ ವಾರ ನನಗೂ ತಲೆನೋವೇ. ಆಮೇಲೆ ಒಳಗಿಳಿಯಿತು. ಶ್ರುತಿ ತಪ್ಪಿದ ಗಿಟಾರು, ಎಣಿಕೆ ತಪ್ಪಿ ಓಡುವ ಡ್ರಮ್ಮು, ಒಡೆದುಹೋಗುವ ದನಿ. ಒಡೆದರೂ ಯಾರೂ ನಿಲ್ಲಿಸುವುದಿಲ್ಲ, ಮುಂದಿನ ಸಾಲಿಗೆ ನುಗ್ಗುತ್ತಾರೆ. ಇನ್ನು ಕೆಲವು ಹಾಡುಗಳಲ್ಲಿ ನಮ್ಮ ತಂಬೂರಿಯನ್ನೇ ಒಯ್ದು ಕೆರೆಯಲ್ಲಿ ಮುಳುಗಿಸಿ ಮೀಟಿದ ಹಾಗೆ ಕೇಳುತ್ತಿತ್ತು, ತಲೆ ಹಗುರಾಗುತ್ತಿತ್ತು. ಜಲ್ಲಿಯ ಗಂಟಲಿನವರು ಇಷ್ಟು ಜನ ಇದ್ದಾರಲ್ಲ ಅಂತ ನನಗೆ ಧೈರ್ಯ ಬಂತು. ಹಾಡುವ ಧೈರ್ಯವಲ್ಲ, ಬದುಕುವ ಧೈರ್ಯ.

ಅಣ್ಣನಿಗೆ ಅದು ಸಾಲಲಿಲ್ಲ. ಒಂದು ಮಧ್ಯಾಹ್ನ, ಹೊಸ ಮೈಕು ತಂದಿದ್ದೇನೆ, ಸರಿಯಿದೆಯೋ ನೋಡಬೇಕು, ಏನಾದರೂ ಹಾಡು ಅಂದರು. ಬರುವುದಿಲ್ಲ ಅಂದೆ. "ಬರ್ದಿದ್ರೆ ಇನ್ನೂ ಒಳ್ಳೇದು, ಹಾಡವ್ವ," ಅಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜಿಯ ನಾಟಿ ಪದವೊಂದನ್ನು ಎತ್ತಿಕೊಂಡೆ. ಎಷ್ಟು ದಿನ ಕಟ್ಟಿಹಾಕಿದ್ದೆನೋ, ಒಮ್ಮೆಲೇ ಬಂತು. ಅರ್ಧಕ್ಕೆ ಬಂದಾಗ ದನಿ ಒಡೆಯಿತು, ಕೆಮ್ಮಿದೆ, ಕಾಲೇಜಿನವರ ಆ ನಗು ನೆನಪಾಗಿ ಅಳು ಬಂತು. ಅಲ್ಲಿಗೇ ಬಿಟ್ಟು, ಅದನ್ನು ಅಳಿಸಿಬಿಡಿ ಅಂತ ಬೇಡಿಕೊಂಡೆ. ಆಗಲಿ ಅಂದರು. ನಾನು ನಂಬಿದೆ.

ಆಮೇಲೆ... ಆಮೇಲೆ ಎಲ್ಲರಿಗೂ ಆಗುವುದೇ ಆಯಿತು. ಮದುವೆ, ಟೀಚರ್ ಕೆಲಸ, ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಗಳಲ್ಲಿ ಹತ್ತಾರು ವರ್ಷ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದೂ ಹೋಯಿತು. ಒಂದು ಸಲ ಹುಣಸೂರಿನಲ್ಲಿ ಬಸ್ ಬದಲಿಸುವಾಗ ಹಿಂದಿನ ರಸ್ತೆಗೆ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಅಣ್ಣ ತೀರಿಕೊಂಡು ಆರು ತಿಂಗಳಾಗಿತ್ತು. ಹತ್ತು ಹೆಜ್ಜೆ ದೂರದ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ವರ್ಷ ಇಳಿದು ಹತ್ತಿದವಳು, ಒಂದು ದಿನವೂ ಹೋಗಿ, ನಿಮ್ಮಿಂದ ಬದುಕಿದೆ ಅಣ್ಣ ಅನ್ನಲಿಲ್ಲ. ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೈಸೂರಿನಲ್ಲಿ ಓದುವ ನನ್ನ ತಮ್ಮನ ಮಗಳು ಈಗ ಅಂಥವೇ ಹಾಡುಗಳನ್ನು ಮೊಬೈಲಿನಲ್ಲಿ ಕೇಳುತ್ತಾಳೆ. ಹೋದ ಸಲ ಬಂದಾಗ ನಾನು ಡ್ರಮ್ಮಿನ ಜೊತೆ ಮೇಜು ಕುಟ್ಟಿದ್ದು ನೋಡಿ, "ಅತ್ತೆ, ನಿಮಗಿದೆಲ್ಲ ಹೇಗೆ ಗೊತ್ತು?" ಅಂತ ಬಾಯಿಬಿಟ್ಟಳು. ಅಂಥ ಸಂಗ್ರಹಗಳನ್ನು ಜನ ಇನ್ನೂ ಹುಡುಕಿ ಕೊಳ್ಳುತ್ತಾರಂತೆ, ಹೊಸದಾಗಿ ಅಚ್ಚು ಹಾಕುತ್ತಾರಂತೆ. ಯಾಕೆ ಅಂತ ಅವಳಿಗೆ ಆಶ್ಚರ್ಯ. ನನಗಿಲ್ಲ. ಗೆದ್ದವರ ಹಾಡನ್ನು ಯಾರು ಬೇಕಾದರೂ ಇಟ್ಟುಕೊಳ್ಳುತ್ತಾರೆ. ಒಂದೇ ಸಲ ಹಾಡಿ ಮನೆಗೆ ಹೋದವರನ್ನು ನೆನಪಿಟ್ಟು ಜೊತೆಯಾಗಿ ಕೂರಿಸಲು ಬೇರೆ ಮನಸ್ಸು ಬೇಕು. ಕೇಳುವವರಿಗೆ ಆ ಮನಸ್ಸೂ ಕೇಳಿಸುತ್ತದೆ.

ಭಾನುವಾರ ಮಧ್ಯಾಹ್ನ ಆ ತಂದೆಯ ಮನೆಗೆ ಹೋದೆ. ಜಗಲಿಯ ಮೇಲೆ ಅವರ ತಾಯಿ ಕಾಲು ನೀಡಿ ಕೂತಿದ್ದರು. ಪಕ್ಕದಲ್ಲಿ ಹೊಸ ಬೆಲ್ಟು ಹಾಕಿಸಿದ ಹಳೇ ಟೇಪ್ ರೆಕಾರ್ಡರ್. ನಾನು ತಂದಿದ್ದ ಕ್ಯಾಸೆಟ್ಟನ್ನು ಮಗ ಹಾಕಿ ಕೊನೆಯವರೆಗೂ ಓಡಿಸಿದರು. ಒಂದು ಷೆಡ್ಡಿನ ಹಾಡು ಗುಂಯ್ ಅಂತ ಮುಗಿಯಿತು. ಗರಗರ. ಆಮೇಲೆ ಒಂದು ಹುಡುಗಿಯ ದೊರಗು ದನಿ ನಾಟಿ ಪದ ಎತ್ತಿತು.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

"ನಿಮ್ಮದೇ ಅಲ್ವಾ ಮೇಡಂ? ಮೊದಲ್ನೇ ಸಭೇಲಿ ನೀವು ಮಾತಾಡ್ದಾಗ್ಲೇ ಅನ್ನುಸ್ತು," ಅಂದರು ಮಗ. ತಾಯಿ ಅವರ ಮಾತು ಮುಗಿಯಲು ಬಿಡಲಿಲ್ಲ. "ಸೊಪ್ಪು ಕಟ್ಟಾಕೆ ಕುಂತ್ರೆ ಇದನ್ನೇ ತಿರ್ಗಾ ತಿರ್ಗಾ ಹಾಕುಸ್ಕೊತಿದ್ವಿ ಕಣವ್ವ. ಯಾರ ಪದ ಅಂತ ಅಂಗ್ಡಿಯವ್ನ ಕೇಳುದ್ರೆ, 'ನಮ್ಮ ಷೆಡ್ನೋಳು' ಅಂತಿದ್ದ. ನೀನು ಅರ್ಧಕ್ಕೇ ಬುಟ್ಬುಟ್ಟಿದ್ದೀಯಲ್ಲ, ಅಲ್ಲಿಂದ ಮುಂದ್ಕೆ ನಾವೇ ಕಟ್ಟಿ ಹೇಳ್ಕತಿದ್ವಿ."

ಟೇಪಿನಲ್ಲಿ ನನ್ನ ದನಿ ಒಡೆದ ಜಾಗ ಬಂತು. ಆ ತಾಯಿ ಕಣ್ಣು ಮುಚ್ಚಿ, ನಾನು ಎಂದೂ ಕೇಳಿರದ ಮುಂದಿನ ಸಾಲುಗಳನ್ನು ಹೇಳಿದರು. ಎರಡನೆಯ ಸಲ ಹೇಳುವಾಗ ನಾನೂ ದನಿ ಸೇರಿಸಿದೆ. ಜಲ್ಲಿಯ ಗಂಟಲು ಹಾಗೇ ಇದೆ. ಮೂವತ್ತು ವರ್ಷದಲ್ಲಿ ಇನ್ನಷ್ಟು ಜಲ್ಲಿ ಬಿದ್ದಿದೆ. ಯಾರೂ ನಗಲಿಲ್ಲ.

ಹಾಡುವ ಗಡಿಬಿಡಿಯಲ್ಲಿ ಟೇಪಿನ ಕೊನೆ ಕೇಳಿಸಿರಲಿಲ್ಲ. ಅವರನ್ನು ಕೇಳಿ ಕ್ಯಾಸೆಟ್ ಮನೆಗೆ ತೆಗೆದುಕೊಂಡು ಬಂದೆ, ಟೇಪ್ ರೆಕಾರ್ಡರನ್ನೂ ಎರಡು ದಿನಕ್ಕೆ ಕೊಟ್ಟರು. ಒಬ್ಬಳೇ ಕೂತು ಮತ್ತೆ ಹಾಕಿದೆ. ಕೆಮ್ಮು ಇದೆ, ಮೂಗು ಎಳೆದುಕೊಂಡದ್ದೂ ಇದೆ. "ಅಳಿಸ್ಬಿಡಿ ಅಣ್ಣ, ದಮ್ಮಯ್ಯ," ಅನ್ನುವ ಹತ್ತೊಂಬತ್ತರ ನಾನಿದ್ದೇನೆ. ಅದಾದ ಮೇಲೆ, ಮೈಕಿನಿಂದ ಸ್ವಲ್ಪ ದೂರದಲ್ಲಿ, ಅಣ್ಣ ಇದ್ದಾರೆ.

"ಅಳಿಸ್ತೀನಿ ಬುಡವ್ವ."

ಟಕ್ ಅಂತ ಗುಂಡಿ ಒತ್ತಿದ ಸದ್ದು. ಅಣ್ಣನ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಅವರದೆಂದು ನನಗೆ ಉಳಿದಿರುವುದು ಈ ಒಂದು ಮಾತು. ಅದೂ ಸುಳ್ಳು.