ಅಂಗೈಯಲ್ಲಿದ್ದ ಟೀ ಗುಂಡು

ಅವರ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ, ನೆಲ್ಲಿಕಾಯಿ ಗಾತ್ರದ ಸ್ಟೀಲ್ ಗುಂಡೊಂದು ತೂಗುತ್ತಿತ್ತು. ಮೈತುಂಬ ಸಣ್ಣ ಸಣ್ಣ ತೂತು. ತಿರುಗಿಸಿದರೆ ಎರಡು ಹೋಳು. ಒಳಗೆ ಟೀ ಸೊಪ್ಪು ತುಂಬಿ, ಬಿಸಿನೀರಿನ ಲೋಟಕ್ಕೆ ಇಳಿಬಿಟ್ಟು, ಬಣ್ಣ ಬಿಟ್ಟಕೂಡಲೇ ಎತ್ತಿಬಿಡುತ್ತಿದ್ದರು.

ಚಾಮರಾಜನಗರದ ನಮ್ಮ ಬೀದಿಗೆಲ್ಲ ಅವರು ನರ್ಸಮ್ಮ. ನೀಲಗಿರಿಯ ಟೀ ತೋಟದ ಆಸ್ಪತ್ರೆಯಲ್ಲಿ ದುಡಿದು ಬಂದವರು. ಯಾರ ಮನೆಗೆ ಹೋದರೂ ಹಾಲು ಹಾಕಿ ಕುದಿಸಿದ ಟೀ ಮುಟ್ಟುತ್ತಿರಲಿಲ್ಲ. ಏನೂ ಬೇಡವೆಂದರೆ ಮನೆಯವರು ನೊಂದುಕೊಳ್ಳುತ್ತಾರೆಂದು ಬಿಸಿನೀರನ್ನಾದರೂ ಕೇಳಿ ಪಡೆಯುತ್ತಿದ್ದರು. ಒಮ್ಮೆ ಗುಂಡನ್ನು ಸಂತೆಮರಹಳ್ಳಿ ಬಸ್ಸಿನಲ್ಲಿ ಮರೆತು, ಮರುದಿನ ಕಂಡಕ್ಟರನ್ನು ಹುಡುಕಿ ವಾಪಸು ತಂದರು. ಅದು ಕೊರಳಿಗೇರಿದ್ದು ಆಮೇಲೆ.

"ಏನ್ ನರ್ಸಮ್ಮ, ಲಿಂಗ ಕಟ್ಕಂಡ್ರಾ?" ಎಂದು ಅಂಗಡಿಯವನು ರೇಗಿಸಿದರೆ, "ನಂಗೆ ಇದೇ ಪೂಜೆ ಕಣಪ್ಪ, ದಿನಕ್ಕೆ ಮೂರ್ ಹೊತ್ತು" ಎನ್ನುತ್ತಿದ್ದರು.

ಪತ್ರಿಕೆಯ ಕೆಲಸ ಮುಗಿಸಿ ಬಂದಾಗ ನನಗೂ ಒಂದು ಲೋಟ ಸಿಗುತ್ತಿತ್ತು.

ಕಳೆದ ವರ್ಷ ಗೂಡಲೂರಿನ ತಂಗಿಯ ಮನೆಗೆಂದು ಹೊರಟರು. ಕೆಲವು ದಿನಗಳ ಮೇಲೆ ಗುಂಡ್ಲುಪೇಟೆ ಪೊಲೀಸರಿಂದ ಪತ್ರಿಕೆಗೆ ಸುದ್ದಿ ಬಂತು: ಬಸ್ ನಿಲ್ದಾಣದಲ್ಲಿ ಕುಸಿದು ಅಪರಿಚಿತ ವೃದ್ಧೆಯ ಸಾವು, ಬ್ಯಾಗ್ ಸಿಕ್ಕಿಲ್ಲ, ಕೊರಳಲ್ಲಿ ಲಿಂಗದ ಕರಡಿಗೆ. ಬರೆದುಕೊಂಡೆ. ಈರುಳ್ಳಿ ಮಂಡಿಯ ವರದಿಗೆ ಹೇಗೂ ಅಲ್ಲಿಗೆ ಹೋಗುವುದಿತ್ತು. ಆಸ್ಪತ್ರೆಗೂ ಹೋದೆ.

ದಿಕ್ಕಿಲ್ಲದ ತಮ್ಮವರೊಬ್ಬರೆಂದು ಊರಿನ ಲಿಂಗಾಯತ ಹಿರಿಯರು ಮಣ್ಣು ಮಾಡಲು ಮುಂದೆ ಬಂದಿದ್ದರು. ಕುಳಿ ತೋಡಿ ಆಗಿತ್ತು. ಮುಸುಕು ಸರಿಸಿದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಪದ್ಧತಿಯಂತೆ ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟಿದ್ದರು. ಕರಡಿಗೆಗೆ ತೂತುಗಳಿದ್ದವು.

ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದೆ. ಒಣಗಿದ ಟೀ ಸೊಪ್ಪು ಬಿಳಿ ಬಟ್ಟೆಯ ಮೇಲೆ ಉದುರಿತು. ಇನ್ನೊಬ್ಬರ ಲಿಂಗವನ್ನು ತೆರೆದು ನೋಡಬಾರದೆಂದು ಅದುವರೆಗೆ ಯಾರೂ ತೆರೆದಿರಲಿಲ್ಲ.

ಹಿರಿಯರೊಬ್ಬರು ಬೆಂಚಿನ ಮೇಲೆ ಕೂತರು. "ಇನ್ನೊಂದ್ ಗಳಿಗೆ ಆಗಿದ್ರೆ ಮಣ್ ಮಾಡ್ಬುಡ್ತಿದ್ವಲ್ಲಪ್ಪ" ಎಂದರು. ಕಾನ್‌ಸ್ಟೆಬಲ್ ವಿಭೂತಿ ಒರೆಸಲು ಹೋದಾಗ ಅವರೇ ತಡೆದರು. "ಇರ್ಲಿ ಬುಡಿ. ನಮ್ಮೂರಲ್ಲಿ ಜೀವ ಬುಟ್ಟವ್ರಲ್ವಾ."

ನಾನು ತಿಳಿಸಿದ ಮೇಲೆ ನಮ್ಮ ಬೀದಿಯಿಂದ ತಂಗಿಗೆ ಫೋನ್ ಹೋಯಿತು. ಅಕ್ಕ ಇವತ್ತು ಬಂದಾಳು, ನಾಳೆ ಬಂದಾಳು ಎಂದು ಕಾಯುತ್ತಿದ್ದವರು ಸಂಜೆಗೆ ಬಂದರು. ಹಾರ ತೆಗೆಯಲಿಲ್ಲ. ಟೀ ಗುಂಡನ್ನು ಸೆರಗಿನಲ್ಲಿ ಒರೆಸಿ ಅಕ್ಕನ ಅಂಗೈಯಲ್ಲೇ ಇಟ್ಟರು.

ನಾನು ಆಸ್ಪತ್ರೆಯ ಬೆಂಚಿನ ಮೇಲೇ ಸುದ್ದಿ ತಿದ್ದಲು ಕೂತೆ. 'ಅಪರಿಚಿತ' ಎಂಬ ಪದವನ್ನು ಅಳಿಸಿದೆ. ಅಲ್ಲಿ ಬರೆಯಬೇಕಾದ ಹೆಸರು ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ತಂಗಿಯನ್ನು ಕೇಳಿದೆ.