ಬರೆದವರು ಇಟ್ಟ ಹೆಸರು

ನಮ್ಮ ಫ್ಯಾಕ್ಟರಿಗೆ ಬಂದಿದ್ದ ಪ್ಯಾರಿಸ್ ಎಂಜಿನಿಯರ್, ತಮಿಳುನಾಡಿನ ಗಡಿಯ ಡೆಂಕಣಿಕೋಟೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ತನ್ನ ಊರಿನ ಹೆಸರಿನ ಕಥೆ ಹೇಳಿದ. ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಹಿಂದೆ ಅಲ್ಲೊಂದು ಬುಡಕಟ್ಟು ಇತ್ತಂತೆ. ಅವರನ್ನು ಗೆದ್ದ ರೋಮನ್ನರು ಲ್ಯಾಟಿನ್ನಿನಲ್ಲಿ 'ಪಾರಿಸೀ' ಅಂತ ಬರೆದರಂತೆ. ಅದರ ಅರ್ಥ ಇವತ್ತಿಗೂ ಖಚಿತವಿಲ್ಲ.

"ಅವ್ರು ತಮ್ಮನ್ನ ಏನಂತ ಕರ್ಕೋತಿದ್ರಂತೆ?" ಅಂಗಡಿಯ ಗೌರಮ್ಮ ಕೇಳಿದರು.

"ಅವ್ರು ಬರೆದಿಟ್ಟಿದ್ದು ಸಿಕ್ಕಿಲ್ವಂತೆ ಕಣಮ್ಮ."

"ನನ್ ಕತೇನೂ ಅದೇಯ. ತಮಿಳಲ್ಲಿ ಕ, ಗ ಎಲ್ಡಕ್ಕೂ ಒಂದೇ ಅಕ್ಷರ. ಆಧಾರ್ ಕಾರ್ಡಲ್ಲಿ ಅದ್ನ ನೋಡಿ ಇಂಗ್ಲಿಷ್ ಹಾಕೋವಾಗ ಕೌರಮ್ಮ ಮಾಡ್ಬುಟ್ರು. ಬ್ಯಾಂಕಲ್ಲಿ ಇದು ನೀನಲ್ಲ ಅಂತಾರೆ. ಈವಯ್ಯನಾದ್ರೂ ಸರ್ಯಾಗಿ ಬರ್ಕೊಳ್ಳಲಿ."

ಎಂಜಿನಿಯರ್ ಶ್ರದ್ಧೆಯಿಂದ ಬರೆದುಕೊಂಡ. ನಮ್ಮ ಬಸ್ಸು ಹೊರಟ ಮೇಲೆ ಅವನ ಪುಸ್ತಕದಲ್ಲಿ ಇಣುಕಿ ನೋಡಿದೆ. ರೋಮನ್ ಲಿಪಿಯಲ್ಲಿ 'Ghoramma' ಅಂತಿತ್ತು; ಗೌರಮ್ಮ 'ಘೋರಮ್ಮ' ಆಗಿದ್ದರು.