ಪಕ್ಕದ ಸೈಟಿನಲ್ಲಿ ಕಟ್ಟಿದ ನಾಯಿ

ಅಂದು ನನಗೆ ಅಂಗಡಿಗೆ ರಜೆ. ದೇವರಾಜ ಮೊಹಲ್ಲಾದ ಒಂದು ಪಾತ್ರೆ ಅಂಗಡಿಯಲ್ಲಿ ನಾನು ಮದುವೆಗೆ ಮುಂಚಿನಿಂದಲೂ ಕೆಲಸ ಮಾಡುತ್ತಿದ್ದೇನೆ. ರಜೆಯ ದಿನ ಏಳುವುದು ತಡ. ಎದ್ದು ಹೊರಗೆ ಬಂದಾಗ ನನ್ನ ಹೆಂಡತಿ ನಾಯಿಯನ್ನು ತಿರುಗಾಡಿಸಿಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದಳು. ಎದುರು ಮನೆಯಾಕೆಯೂ ತಮ್ಮ ಬಿಳಿ ಪಾಮೆರೇನಿಯನ್ ನಾಯಿಯನ್ನು ಹಿಡಿದುಕೊಂಡು ಬಂದಿದ್ದರು. ಎರಡು ನಾಯಿಗಳೂ ಒಂದನ್ನೊಂದು ಮೂಸಿಕೊಂಡು ಬಾಲ ಆಡಿಸುತ್ತಿದ್ದವು. ನನ್ನ ಹೆಂಡತಿ ಕೂಸಿನ ಜೊತೆ ಮಾತಾಡುವ ಹಾಗೆ ನಮ್ಮ ನಾಯಿಯ ಜೊತೆ ಮಾತಾಡುತ್ತಿದ್ದಳು. ಮೂರು ಮನೆ ಆಚೆಗೂ ಅದು ಕೇಳುತ್ತಿತ್ತು.

"ಸ್ವಲ್ಪ ಮೆಲ್ಲಗೆ ಮಾತಾಡೇ. ಬೀದಿ ಇದು," ಎಂದೆ.

"ನೀವು ಗಿರಾಕಿ ಹತ್ರ ಮಾತಾಡ್ದಂಗೆ ಮಾತಾಡಿದ್ರೆ ನಾಯಿ ನಿದ್ದೆ ಮಾಡ್ಬುಡುತ್ತೆ ಕಣ್ರೀ," ಎಂದಳು. ಎದುರು ಮನೆಯಾಕೆ ನಕ್ಕರು. ನಾನು ಪೇಪರ್ ತೆಗೆದುಕೊಂಡು ಒಳಗೆ ಹೋದೆ.

ಆ ದಿನ ಬೇರೇನೂ ನಡೆಯಲಿಲ್ಲ. ಮಧ್ಯಾಹ್ನ ಅವರೆಕಾಳಿನ ಸಾರು. ಸಂಜೆ ಅವಳು ಮಹಡಿಯ ಮೇಲಿನಿಂದ ಬಟ್ಟೆ ತಂದಳು, ನಾನು ಮಡಿಚಿದೆ. ಮಾರನೆಯ ದಿನ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು.

ನಮಗೆ ಮಕ್ಕಳಿಲ್ಲ. ನನ್ನ ಅಕ್ಕ ಊರಿನಿಂದ ಬಂದು ಮನೆಯ ಜವಾಬ್ದಾರಿ ವಹಿಸಿಕೊಂಡಳು. ಮೊದಲ ದಿನಗಳಲ್ಲಿ ನಮ್ಮಲ್ಲಿ ಒಲೆ ಹಚ್ಚಲಿಲ್ಲ. ಎದುರು ಮನೆಯಾಕೆಯೇ ಎರಡು ಹೊತ್ತೂ ಅನ್ನ, ಸಾರು ತಂದುಕೊಟ್ಟರು. ನಾಯಿಗೂ ಅವರೇ ಒಂದು ಮುದ್ದೆ ಹಾಲನ್ನ ಕಲಸಿ ಇಡುತ್ತಿದ್ದರು.

ಹನ್ನೊಂದನೇ ದಿನ ಮಠದಿಂದ ಸ್ವಾಮಿಗಳು ಬರುವುದಿತ್ತು. ಪಾದಪೂಜೆ, ಆಮೇಲೆ ಬಂದವರಿಗೆಲ್ಲ ಊಟ. ಬೀದಿಗೆ ಶಾಮಿಯಾನ ಹಾಕಿಸಿದ್ದೆವು. ಬೆಳಿಗ್ಗೆಯಿಂದ ನಾಯಿ ಬಂದವರ ಕಾಲಿಗೆಲ್ಲ ಅಡ್ಡ ಬರುತ್ತಿತ್ತು. ಪ್ರತಿಯೊಬ್ಬ ಹೆಂಗಸಿನ ಸೀರೆಯನ್ನೂ ಮೂಸಿ ನೋಡುತ್ತಿತ್ತು.

"ಪೂಜೆ ಹೊತ್ತಿಗೆ ಇದು ಒಳಕ್ಕೆ ಬಂದ್ಬುಟ್ರೆ ಏನ್ ಚೆಂದ ಕಣೋ? ಆಚೆ ಎಲ್ಲಾದ್ರೂ ಕಟ್ಬುಡು," ಎಂದಳು ಅಕ್ಕ.

ಶ್ರೀರಾಂಪುರದ ನಮ್ಮ ಬಡಾವಣೆಯಲ್ಲಿ ಇನ್ನೂ ಖಾಲಿ ಸೈಟುಗಳಿವೆ. ನಮ್ಮ ಪಕ್ಕದ್ದೂ ಒಂದು. ಯಾರೋ ಪಾಯ ಹಾಕಿ ಬಿಟ್ಟಿದ್ದಾರೆ. ಅಲ್ಲಿ ನಿಂತಿದ್ದ ಕಬ್ಬಿಣದ ಕಂಬಿಗೆ ನಾನೇ ನಾಯಿಯನ್ನು ಕಟ್ಟಿದೆ. ಬಿಚ್ಚಿಕೊಂಡು ಬಾರದಿರಲಿ ಎಂದು ಹಗ್ಗವನ್ನು ಗಿಡ್ಡ ಮಾಡಿ ಕಟ್ಟಿದೆ. ಬೀದಿಯಲ್ಲಿ ಯಾರ ಮನೆಯಲ್ಲಿ ಊಟವಾದರೂ ಎಂಜಲೆಲೆ ಎಸೆಯುವುದು ಅದೇ ಸೈಟಿಗೆ. ಎಲೆ ಬಿದ್ದರೆ ಸುತ್ತಲಿನ ಬೀದಿನಾಯಿಗಳೆಲ್ಲ ಅಲ್ಲಿಗೆ ಬರುತ್ತವೆ. ಇದು ಹೊಸಬರಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೆ ಕಟ್ಟುವಾಗ ಅದು ತಲೆಗೆ ಬರಲಿಲ್ಲ.

ಮೊದಲ ಪಂಕ್ತಿ ಎದ್ದಿತು. ಎಲೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋದರು. ಎರಡನೇ ಪಂಕ್ತಿಗೆ ನಾನು ಪಾಯಸ ವಿಚಾರಿಸುತ್ತಿದ್ದಾಗ ನಾಯಿ ಕೂಗುವುದು ಕೇಳಿಸಿತು. ಕಟ್ಟಿಹಾಕಿದ್ದಕ್ಕೆ ಹಟ ಮಾಡುತ್ತಿದೆ ಎಂದುಕೊಂಡೆ. ಕೂಗು ಜೋರಾಯಿತು. ಸ್ವಾಮಿಗಳು ತಲೆ ಎತ್ತಿ ನೋಡಿದಾಗ ನನಗೆ ನಾಚಿಕೆಯಾಯಿತು. ನಾಯಿಯ ಕೂಗಿಗಾಗಿ ನಾನು ಕ್ಷಮೆ ಕೇಳಿದೆ. "ಇನ್ನೊಂದು ಚೂರು ಹಾಕಿಸ್ಕೊಳಿ" ಎಂದು ಪಕ್ಕದವರಿಗೆ ಪಾಯಸಕ್ಕೆ ಒತ್ತಾಯ ಮಾಡಿದೆ. ಪಂಕ್ತಿ ಮುಗಿಸಿ ಹೋಗಿ ನೋಡಿದಾಗ ಅದರ ಒಂದು ಕಿವಿ ಸೀಳಿತ್ತು, ಕುತ್ತಿಗೆಯ ಮೇಲೆಲ್ಲ ರಕ್ತ. ಓಡಲು ಹಗ್ಗ ಸಾಲದೆ ಕಂಬಿಯನ್ನೇ ಸುತ್ತಿ ಸುತ್ತಿ ಅಲ್ಲಾಡದಂತೆ ಸಿಕ್ಕಿಕೊಂಡಿತ್ತು.

ಗಾಯ ವಾಸಿಯಾಯಿತು. ಆದರೆ ಆಮೇಲೆ ಯಾವ ನಾಯಿಯನ್ನು ಕಂಡರೂ, ಅದು ಎಷ್ಟು ದೂರದಲ್ಲಿದ್ದರೂ, ನಮ್ಮ ನಾಯಿ ಮೈಯೆಲ್ಲ ಕೂದಲು ನಿಗುರಿಸಿ ನುಗ್ಗತೊಡಗಿತು. ನಾನು ಹಗ್ಗ ಜಗ್ಗಿ ಬೈಯುತ್ತಿದ್ದೆ. ಜಗ್ಗಿದಷ್ಟೂ ಹೆಚ್ಚಾಯಿತು. ಒಂದು ಬೆಳಿಗ್ಗೆ ಎದುರು ಮನೆಯ ಗೇಟು ತೆಗೆಯುವುದಕ್ಕೂ ನಾವು ಹೊರಬರುವುದಕ್ಕೂ ಸರಿಹೋಯಿತು. ಅದು ಎಳೆದ ರಭಸಕ್ಕೆ ನಾನು ಬೋರಲು ಬಿದ್ದೆ. ಎದ್ದು ನೋಡಿದರೆ ಆಕೆ ತಮ್ಮ ನಾಯಿಯನ್ನು ಎತ್ತಿ ಎದೆಗೆ ಅವಚಿಕೊಂಡಿದ್ದರು. ನಮ್ಮ ನಾಯಿಯ ಬಾಯಲ್ಲಿ ಬಿಳಿ ಕೂದಲಿನ ಒಂದು ಉಂಡೆ.

"ನೀವು ದುಃಖದಲ್ಲಿದ್ದೀರ ಅಂತ ಇಷ್ಟು ದಿನ ಏನೂ ಹೇಳ್ಲಿಲ್ಲ ಅಣ್ಣಾ," ಎಂದರು. ಗಾಯವಾಗಿದೆಯೇ ಎಂದು ಅವರ ಕೈ ಆ ಬಿಳಿ ಕೂದಲಿನಲ್ಲಿ ತಡಕುತ್ತಿತ್ತು. "ಅವರಿದ್ದಾಗ ಹಿಂಗಿರ್ಲಿಲ್ಲ ಇದು."

ತಿಂಗಳ ಹಿಂದೆ ನನಗೂ ನಾಯಿಗೂ ಅನ್ನ ತಂದುಕೊಟ್ಟ ಕೈ ಅದು. ಇನ್ನೊಮ್ಮೆ ಹೀಗಾದರೆ ನಾಯಿಯನ್ನು ಬೇರೆ ಕಡೆ ಕಳಿಸಿಬಿಡುತ್ತೇನೆ ಎಂದು ಅವರಿಗೆ ಮಾತು ಕೊಟ್ಟೆ. ಅಕ್ಕ ಅದನ್ನೇ ಹಿಡಿದುಕೊಂಡಳು. ಊರಿನಲ್ಲಿ ಅವಳ ಮೈದುನನ ತೋಟವಿದೆ, ಕಾವಲಿಗಾಗುತ್ತದೆ ಎಂದಳು. ಕಾವಲು ಎಂದರೆ ಹಗಲೆಲ್ಲ ಕಟ್ಟಿಹಾಕುವುದು ಎಂದು ನನಗೆ ಗೊತ್ತಿತ್ತು. ಮತ್ತೊಮ್ಮೆ ಅದನ್ನು ಕಟ್ಟಿ ಬರಲು ನನ್ನ ಕೈಲಾಗುತ್ತಿರಲಿಲ್ಲ.

ಪಶು ವೈದ್ಯರು ಹೇಳಿದ ಮೇಲೆ ನಾಯಿಗಳಿಗೆ ತರಬೇತಿ ಕೊಡುವ ಒಬ್ಬ ಹೆಣ್ಣುಮಗಳನ್ನು ಕರೆಸಿದೆ. ಅವಳು ನನ್ನನ್ನು ಕೇಳಿದ್ದು ನಾಯಿಗೆ ಏನಿಷ್ಟ ಎಂದು. ಕೋಳಿ ಬೇಯಿಸಿ ಕೊಡಬಹುದಾ ಎಂದಳು.

"ನಮ್ಮನೇಲಿ ಅದು ಆಗಲ್ಲ ಕಣಮ್ಮ."

"ಸರಿ ಬಿಡಿ, ಪನೀರ್ ತನ್ನಿ ಅಂಕಲ್. ಚೂರು ಚೂರು ಮಾಡ್ಕೊಂಡು ಜೇಬಲ್ಲಿಟ್ಕೊಳಿ."

ವಿಧಾನ ಸರಳ. ಇನ್ನೊಂದು ನಾಯಿ ದೂರದಲ್ಲಿ ಕಂಡ ಕೂಡಲೇ, ನಮ್ಮದು ಇನ್ನೂ ಬೊಗಳುವ ಮುಂಚೆಯೇ, ಅದನ್ನು ಹೊಗಳಿ ಒಂದು ಚೂರು ಕೊಡಬೇಕು. ಹಗ್ಗ ಸಡಿಲವಾಗಿರಬೇಕು. ಬೇರೆ ನಾಯಿ ಕಂಡರೆ ಕೆಟ್ಟದ್ದೇನೂ ಆಗುವುದಿಲ್ಲ, ಒಳ್ಳೆಯದೇ ಆಗುತ್ತದೆ ಎಂದು ಅದರ ಮನಸ್ಸಿಗೆ ಬರಬೇಕು. ಆಮೇಲೆ ದೂರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಹೋಗಬೇಕು. ಇದನ್ನೆಲ್ಲ ನಾನು ಬೇಗ ಕಲಿತೆ. ಹೊಗಳುವುದು ಮಾತ್ರ ಬರಲಿಲ್ಲ.

"ಅಂಕಲ್, ಸಾವಿನ ಸುದ್ದಿ ಹೇಳ್ದಂಗೆ ಹೇಳ್ತೀರಲ್ಲ," ಎಂದಳು. ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ, "ಧ್ವನಿ ಖುಷಿಯಾಗಿರ್ಬೇಕು ಅಂಕಲ್. ಇಲ್ದಿದ್ರೆ ಅದು ನಿಮ್ಮನ್ನ ನಂಬಲ್ಲ," ಎಂದಳು.

ನಮ್ಮ ಬೀದಿಯಲ್ಲಿ ನಿಂತು ಖುಷಿಯ ಧ್ವನಿ ತೆಗೆಯುವುದು ಹೇಗೆ? ಎರಡೂ ಸಾಲಿನ ಮನೆಯವರು ಬಂದು ನನ್ನ ಮುಂದೆ ಕುಳಿತು ಅತ್ತು ಹೋಗಿದ್ದರು. ನಾನು ನಾಯಿಯನ್ನು ಬಡಾವಣೆಯ ಅಂಚಿನಲ್ಲಿ, ಇನ್ನೂ ಮನೆಗಳೇಳದ ಕಡೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡತೊಡಗಿದೆ. ಅಲ್ಲಿ ಮೊದಲು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದೆ. ನಾಯಿ ನನ್ನತ್ತ ತಿರುಗಿ ಪನೀರ್ ತಿನ್ನತೊಡಗಿತು. ಮನೆಯ ಬೀದಿಗೆ ಬಂದ ಕೂಡಲೇ ನಾನು ಬಾಯಿ ಮುಚ್ಚುತ್ತಿದ್ದೆ, ಅದು ಮತ್ತೆ ಬೊಗಳುತ್ತಿತ್ತು. ನಾನು ನಾಚಿಕೆಪಡುವುದು ಹಗ್ಗ ಹಿಡಿದ ಬಿಗಿಯಲ್ಲೇ ಅದಕ್ಕೆ ಗೊತ್ತಾಗುತ್ತಿತ್ತೋ ಏನೋ.

ಒಂದು ಬೆಳಿಗ್ಗೆ ಅಕ್ಕ ಗೇಟಿನ ಮುಂದೆ ರಂಗೋಲಿ ಬಿಡುತ್ತಿದ್ದಳು. ತೋಟದಿಂದ ನಾಯಿಯನ್ನು ಕರೆದೊಯ್ಯಲು ಬರುವವರ ಜೊತೆ ಅವಳು ಆಗಲೇ ಮಾತಾಡಿ ಆಗಿತ್ತು. ನಾವು ತಿರುಗಾಡಿ ವಾಪಸ್ಸು ಬರುವಾಗ ಎದುರು ಮನೆಯಾಕೆ ತಮ್ಮ ನಾಯಿಯೊಂದಿಗೆ ಹೊರಗೆ ಬಂದುಬಿಟ್ಟರು. ಅವರು ಹಿಂದಕ್ಕೆ ಹೋಗುವ ಹಾಗಿರಲಿಲ್ಲ, ಗೇಟು ಹಾಕಿಕೊಂಡಿತ್ತು. ನಮ್ಮ ನಾಯಿಯ ಬೆನ್ನ ಮೇಲಿನ ಕೂದಲು ಏಳುವುದು ನನಗೆ ಕಾಣಿಸಿತು.

"ಏನ್ ಜಾಣೆ ಕಂದ ನೀನು, ಏನ್ ಜಾಣೆ, ಬಾ ನನ್ ಬಂಗಾರ, ಬಾರೇ," ಎಂದೆ. ಧ್ವನಿ ನನ್ನದಲ್ಲ ಎನ್ನುವಷ್ಟು ಮೇಲಕ್ಕೆ ಹೋಯಿತು. ಪಕ್ಕದ ಮನೆಯವರು ಕಿಟಕಿಗೆ ಬಂದರು. ನಾಯಿ ಆ ಕಡೆ ನೋಡಿತು, ನನ್ನ ಕಡೆ ನೋಡಿತು, ನನ್ನ ಕೈಗೆ ಬಾಯಿ ಹಾಕಿತು. ನಾನು ಹೊಗಳುತ್ತಲೇ ಹಿಂದಕ್ಕೆ ಹೆಜ್ಜೆ ಇಡುತ್ತ ಗೇಟಿನೊಳಗೆ ಬಂದೆ. ಅದು ಒಂದು ಸಲವೂ ಬೊಗಳಲಿಲ್ಲ. ಎದುರು ಮನೆಯಾಕೆ ನಿಂತಲ್ಲೇ ನಿಂತು ತಲೆಯಾಡಿಸಿದರು.

"ಏನೋ ಇದು, ಬೀದೀಲಿ ಕುಣೀತಿದ್ದೀಯ?" ಎಂದಳು ಹಿಂದೆಯೇ ಒಳಗೆ ಬಂದ ಅಕ್ಕ. "ಹೆಂಡ್ತಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ನೋಡ್ದೋರು ಏನಂದ್ಕೊಂಡಾರು?"

"ನಾಯೀನ ಎಲ್ಲೂ ಕಳ್ಸಲ್ಲ ಅಕ್ಕ. ಅವ್ರಿಗೆ ಬರ್ಬೇಡಿ ಅಂತ ಹೇಳ್ಬುಡು," ಎಂದೆ.

ಅವಳು ಅರ್ಧಕ್ಕೆ ಬಿಟ್ಟಿದ್ದ ರಂಗೋಲಿಗೆ ಹಿಂತಿರುಗಿದಳು. ಅವಳು ಹೇಳಿದ್ದಕ್ಕೆ ನನಗೆ ಕೋಪ ಬರಲಿಲ್ಲ. ಅವಳಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ನಾಯಿ ನನ್ನ ಕೈಗೆ ಬಾಯಿ ಹಾಕಿದಾಗ ನನ್ನ ಧ್ವನಿ ನಟನೆಯಾಗಿರಲಿಲ್ಲ. ನನಗೆ ನಿಜವಾಗಿಯೂ ಖುಷಿಯಾಗಿತ್ತು. ಅಷ್ಟು ಹೊತ್ತು ನನ್ನ ಹೆಂಡತಿ ಹೋದದ್ದು ನನಗೆ ನೆನಪಿರಲಿಲ್ಲ. ಮರೆತೇಬಿಟ್ಟಿದ್ದೆನೆಂಬ ನಾಚಿಕೆ ನನಗೆ ಈಗಲೂ ಹೋಗಿಲ್ಲ. ಅಕ್ಕ ಒಳಗೆ ಬರುವ ಮುಂಚೆಯೇ, ನಾಯಿ ಬೊಗಳಲಿಲ್ಲವೆಂದು ಹೆಂಡತಿಗೆ ಹೇಳೋಣವೆಂದು ಚಪ್ಪಲಿ ಕಾಲಲ್ಲೇ ಅಡುಗೆಮನೆಯ ಬಾಗಿಲವರೆಗೆ ಹೋಗಿದ್ದೆ.

ಈಗ ಅಕ್ಕ ಊರಿಗೆ ಹಿಂತಿರುಗಿದ್ದಾಳೆ. ನಾಯಿ ನನ್ನ ಬಳಿಯೇ ಇದೆ. ಬೇರೆ ನಾಯಿ ಕಂಡರೆ ನನ್ನ ಮುಖ ನೋಡುತ್ತದೆ, ನಾನು ಯಾರಿದ್ದರೂ ಹೊಗಳುತ್ತೇನೆ. ದಿನಕ್ಕೊಂದು ಹೇಳಿಕೊಳ್ಳುವಂಥ ಸಂಗತಿ ಇದ್ದೇ ಇರುತ್ತದೆ. ಕೇಳಲು ನನ್ನ ಹೆಂಡತಿಯಿಲ್ಲ.